ಅಪ್‌ಡೇಟ್: ಪಿಕಪ್‌ನ ಟೆಂಪರೇಚರ್ ಗೇಜ್ ಮುಳ್ಳು ಕೊನೆಗೂ ಎದ್ದಿತು

ಪಿಕಪ್‌ಗೆ ಹೊಸದಾಗಿ ಹಾಕಿಸಿದ, ಇಂಜಿನ್ ಬಿಸಿ ತೋರಿಸುವ ಟೆಂಪರೇಚರ್ ಗೇಜ್‌ನ ಮುಳ್ಳು ತಳದಿಂದ ಏಳುತ್ತಲೇ ಇಲ್ಲ ಎಂದು ಕೇಳಿದ್ದೆನಲ್ಲ, ಸರಿಹೋಯಿತು. ಸೆನ್ಸರ್ ಚೆನ್ನಾಗಿಯೇ ಇತ್ತು, ಅರ್ತ್ (ಕರೆಂಟ್ ಗಾಡಿಯ ಲೋಹದ ಮೂಲಕ ಬ್ಯಾಟರಿಗೆ ವಾಪಸ್ ಹೋಗುವ ದಾರಿ) ಸಿಗುತ್ತಿರಲಿಲ್ಲ ಅಷ್ಟೇ. ಒಂದೇ ವೈರಿನ ಸೆನ್ಸರ್‌ಗೆ ಅದರ ಥ್ರೆಡ್ಡೇ (ತಿರುಗಿಸಿ ಕೂರಿಸುವ ಸ್ಕ್ರೂ ಭಾಗ) ಅರ್ತ್. ನಮ್ಮ ಸೆನ್ಸರ್ ರೇಡಿಯೇಟರ್‌ನ ಮೇಲಿನ ಹೋಸ್ (ರಬ್ಬರ್ ಪೈಪ್) ಕತ್ತರಿಸಿ ನಡುವೆ ಕೂರಿಸಿದ ಲೋಹದ ಅಡಾಪ್ಟರ್‌ನಲ್ಲಿದೆ. ಎರಡೂ ಕಡೆ ರಬ್ಬರ್, ಅರ್ತ್ ಎಲ್ಲಿಂದ ಬರಬೇಕು ಹೇಳಿ! ಅಡಾಪ್ಟರ್‌ನಿಂದ ಇಂಜಿನ್ ಬ್ಲಾಕ್‌ಗೆ ಒಂದು ವೈರ್ ಎಳೆದ ತಕ್ಷಣ ಮುಳ್ಳು ಎದ್ದಿತು. ಥ್ರೆಡ್‌ಗೆ ನೀರು ಸೋರದಂತೆ ಸುತ್ತುವ ಟೆಫ್ಲಾನ್ ಟೇಪ್ ಕರೆಂಟ್ ಹಾಯಲು ಬಿಡುವುದಿಲ್ಲ, ಜಾಸ್ತಿ ಸುತ್ತಿದರೂ ಇದೇ ಗೋಳು, ಅದನ್ನೂ ಕಮ್ಮಿ ಮಾಡಿಸಿದೆ.

ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಸ್ವಲ್ಪ ಹೊತ್ತು ಮುಳ್ಳು ಅಲ್ಲಾಡುವುದಿಲ್ಲ. ಅದಕ್ಕೆ ಗಾಬರಿ ಬೇಡ. ಥರ್ಮೋಸ್ಟಾಟ್ (ಇಂಜಿನ್ ಬಿಸಿಯಾದ ಮೇಲೆ ತೆರೆಯುವ ವಾಲ್ವ್) ತೆರೆದ ಮೇಲೇ ಆ ಹೋಸ್‌ಗೆ ಬಿಸಿನೀರು ಬರುವುದು, ಅಲ್ವಾ? ಚಾರ್ಮಾಡಿ ಘಾಟಿಯಲ್ಲಿ ಲೋಡ್ ಹಾಕಿಕೊಂಡು ಹತ್ತಿದಾಗ 90 ಡಿಗ್ರಿ ದಾಟಿತು, ಮೇಲೆ ಬಂದಮೇಲೆ ತಾನೇ ಇಳಿಯಿತು.