ಬ್ಲ್ಯಾಕ್ ಐಪಿಎಗೆ ಅಂಕ ಕೊಡುವಾಗ ಹುರಿದ ಮಾಲ್ಟ್‌ನ ರುಚಿ ಎಷ್ಟಿದ್ದರೆ ಸರಿ?

ಮಲೆನಾಡಿಗ (ಪೋರ್ಟ್‌ಲ್ಯಾಂಡ್, ಒರೆಗಾನ್) ಕೇಳಿದ್ದಾರೆ:

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗದವನು, ಈಗ ಕೆಲವು ವರ್ಷಗಳಿಂದ ಪೋರ್ಟ್‌ಲ್ಯಾಂಡ್‌ನಲ್ಲಿದ್ದೇನೆ. ಮನೆಯಲ್ಲಿ ಬಿಯರ್ ತಯಾರಿಸುವವರ ಸಂಘವೊಂದು ಇಲ್ಲಿ ನಡೆಸುವ ಸ್ಪರ್ಧೆಯಲ್ಲಿ, ಅನುಭವಿ ತೀರ್ಪುಗಾರರ ಪಕ್ಕದಲ್ಲಿ ಕುಳಿತು ರುಚಿ ನೋಡಿ ಅಂಕ ಬರೆಯುವುದನ್ನು ಕಲಿಯುವ ಅವಕಾಶ ಸಿಕ್ಕಿದೆ. ನನಗೆ ಕೊಟ್ಟಿರುವುದು ಬ್ಲ್ಯಾಕ್ ಐಪಿಎ ವಿಭಾಗ, ಅಂದರೆ ಹಾಪ್ಸ್ (ಬಿಯರ್‌ಗೆ ಕಹಿಯನ್ನೂ ಪರಿಮಳವನ್ನೂ ಕೊಡುವ ಹೂ) ಮುಂದಿರುವ ಇಂಡಿಯಾ ಪೇಲ್ ಏಲ್ (ಐಪಿಎ) ಬಿಯರ್‌ನ ಕಪ್ಪು ರೂಪ. ಈ ಊರಿನ ಹಳಬರು ಅದನ್ನು ಕ್ಯಾಸ್ಕೇಡಿಯನ್ ಡಾರ್ಕ್ ಏಲ್ ಎಂದೇ ಕರೆಯುತ್ತಾರೆ.

ಅಭ್ಯಾಸಕ್ಕೆಂದು ಎರಡು ಬ್ರೂವರಿಗಳ ಬ್ಲ್ಯಾಕ್ ಐಪಿಎ ತಂದು, ಪಕ್ಕಪಕ್ಕದಲ್ಲಿಟ್ಟು ರುಚಿ ನೋಡಿದೆ. ಮೊದಲನೆಯದು ದೀಪದ ಮುಂದೆ ಹಿಡಿದರೂ ಆಚೆಗೆ ಏನೂ ಕಾಣದಷ್ಟು ಕಪ್ಪು. ನೊರೆ ಕಂದು ಬಣ್ಣದ್ದು ಮತ್ತು ದಪ್ಪ. ಮೂಗಿಗೆ ಮೊದಲು ಬಂದದ್ದು ಕಾಫಿ ಮತ್ತು ಕಹಿ ಚಾಕೊಲೇಟಿನ ವಾಸನೆ, ಅದರ ಹಿಂದೆ ಸ್ವಲ್ಪ ಕಿತ್ತಳೆ ಸಿಪ್ಪೆ. ನುಂಗಿದ ಮೇಲೆ ಒಸಡು ಮತ್ತು ಕೆನ್ನೆಯ ಒಳಭಾಗ ಒಣಗಿದಂತಾಗಿ ಬಹಳ ಹೊತ್ತು ಹಾಗೆಯೇ ಉಳಿಯಿತು. ಎರಡನೆಯದು ನೋಡಲು ಕಪ್ಪಾಗಿದ್ದರೂ ಲೋಟದ ಅಂಚಿನಲ್ಲಿ ಮಾಣಿಕ್ಯದ ಕೆಂಪು ಕಾಣುತ್ತಿತ್ತು. ಚಕ್ಕೋತ ಮತ್ತು ಪೈನ್ ಮರದ ರಾಳದ ಪರಿಮಳ ಮುಂದಿತ್ತು. ಹುರಿದ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ ಕಾಳು) ಕೊನೆಯಲ್ಲಿ ಕೋಕೋ ಪುಡಿಯಷ್ಟು ಮೆಲ್ಲಗೆ ಬಂದು ಹೋಯಿತು. ಕಣ್ಣು ಮುಚ್ಚಿಕೊಂಡು ಕುಡಿದಿದ್ದರೆ ಅದನ್ನು ಸಾಧಾರಣ ಐಪಿಎ ಎಂದೇ ಹೇಳುತ್ತಿದ್ದೆ.

ನನಗೆ ಹೆಚ್ಚು ಹಿಡಿಸಿದ್ದು ಮೊದಲನೆಯದು. ಜೊತೆಗಿದ್ದ ಸ್ನೇಹಿತರು ಎರಡನೆಯದೇ ಸರಿಯಾದ ಬ್ಲ್ಯಾಕ್ ಐಪಿಎ ಎಂದರು. ಹಾಗಾದರೆ ಈ ಶೈಲಿಯಲ್ಲಿ ಹುರಿದ ಮಾಲ್ಟ್‌ನ ರುಚಿ ಎಷ್ಟಿರಬೇಕು? ಹಾಪ್ಸ್‌ನ ಕಹಿಯನ್ನೂ ಹುರಿದ ಮಾಲ್ಟ್‌ನ ಕಹಿಯನ್ನೂ ಬಾಯಲ್ಲಿ ಬೇರ್ಪಡಿಸಿ ಗುರುತಿಸುವುದು ಹೇಗೆ? ತಿಳಿದವರು ದಯವಿಟ್ಟು ವಿವರವಾಗಿ ತಿಳಿಸಬೇಕು.

ಚಕ್ಕೋತ (ಸ್ಯಾನ್ ಡಿಯಾಗೊ) ಉತ್ತರಿಸಿದ್ದಾರೆ:

ಮಲೆನಾಡಿಗರೇ, ಶೈಲಿಯ ಪ್ರಕಾರ ತೀರ್ಪು ಕೊಡುವುದಾದರೆ ನಿಮ್ಮ ಸ್ನೇಹಿತರ ಮಾತು ಸರಿ. ಎರಡನೆಯ ಬಿಯರ್‌ಗೇ ಹೆಚ್ಚು ಅಂಕ ಬರಬೇಕು. ಸ್ಪರ್ಧೆಗಳಲ್ಲಿ ಬಳಸುವ ಬಿಜೆಸಿಪಿ (ಬಿಯರ್ ತೀರ್ಪುಗಾರರಿಗೆ ಪ್ರಮಾಣಪತ್ರ ಕೊಡುವ ಸಂಸ್ಥೆ) ಮಾರ್ಗಸೂಚಿಯು 2015ರ ಆವೃತ್ತಿಯಲ್ಲಿ ಬ್ಲ್ಯಾಕ್ ಐಪಿಎಯನ್ನು ಸ್ಪೆಷಾಲಿಟಿ ಐಪಿಎ ಗುಂಪಿನೊಳಗೆ ಇಟ್ಟಿತು. ಹುರಿದ ರುಚಿಯೇ ಮುಂದಿರುವ ಕಪ್ಪು ಬಿಯರ್‌ಗಳಾದ ಸ್ಟೌಟ್‌ಗಳ ಗುಂಪಿನಲ್ಲಿ ಇಡದೆ ಅಲ್ಲಿ ಇಟ್ಟಿರುವುದರಲ್ಲಿಯೇ ಅದರ ಆಶಯ ಸ್ಪಷ್ಟವಾಗಿದೆ: ಅಮೆರಿಕನ್ ಐಪಿಎಯ ಒಣ ಮುಕ್ತಾಯವೂ ಹಾಪ್ಸ್‌ನ ಮುಂದಾಳತ್ವವೂ ಹಾಗೆಯೇ ಇರಬೇಕು, ಬಣ್ಣ ಮಾತ್ರ ಗಾಢವಾಗಿರಬೇಕು, ಸೀದ ರುಚಿ ಇರಬಾರದು. ಅಲ್ಲಿ ಕೊಟ್ಟಿರುವ ಅಳತೆಗಳು ಹೀಗಿವೆ: ಮದ್ಯಸಾರ ಶೇ. 5.5ರಿಂದ 9, ಕಹಿ 50ರಿಂದ 90 ಐಬಿಯು (ಕಹಿಯ ಅಳತೆ), ಬಣ್ಣ 25ರಿಂದ 40 ಎಸ್‌ಆರ್‌ಎಂ (ಬಣ್ಣದ ಅಳತೆ, ಸಂಖ್ಯೆ ಏರಿದಷ್ಟೂ ಗಾಢ). ಆದ್ದರಿಂದ ಅಂಚಿನಲ್ಲಿ ಕೆಂಪು ಕಂಡದ್ದಕ್ಕೆ ಅಂಕ ಕಳೆಯುವ ಅಗತ್ಯವಿಲ್ಲ. ಬಣ್ಣ 25ರ ಆಸುಪಾಸಿನಲ್ಲಿದ್ದಾಗ ಅಂಚು ಹಾಗೆಯೇ ಕಾಣುತ್ತದೆ.

ಬಣ್ಣಕ್ಕೆ ಸಲ್ಲುವುದಕ್ಕಿಂತ ಹೆಚ್ಚು ಗಮನ ಕೊಡುವುದೇ ಈ ವಿಭಾಗದ ದೊಡ್ಡ ತೊಡಕು. ಅಂಕಪಟ್ಟಿಯ ಒಟ್ಟು 50ರಲ್ಲಿ ಪರಿಮಳಕ್ಕೆ 12, ನೋಟಕ್ಕೆ 3, ರುಚಿಗೆ 20, ಬಾಯಿಯ ಸ್ಪರ್ಶಕ್ಕೆ 5, ಒಟ್ಟು ಅಭಿಪ್ರಾಯಕ್ಕೆ 10 ಅಂಕಗಳಿವೆ. ಆ 3 ಅಂಕಗಳಲ್ಲಿಯೂ ಬಣ್ಣದ ಜೊತೆ ತಿಳಿತನ ಮತ್ತು ನೊರೆ ಪಾಲು ಪಡೆಯುತ್ತವೆ. ಹೀಗಿದ್ದರೂ ಕಪ್ಪು ಪಾನೀಯ ಕಣ್ಣೆದುರಿಗಿದ್ದರೆ ಮೂಗು ಕಾಫಿಯನ್ನೇ ಹುಡುಕುತ್ತದೆ. ಬೋರ್ಡೋ ವಿಶ್ವವಿದ್ಯಾಲಯದಲ್ಲಿ ವೈನ್ ಶಾಸ್ತ್ರ ಓದುತ್ತಿದ್ದ 54 ವಿದ್ಯಾರ್ಥಿಗಳಿಗೆ, ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿದ ಬಿಳಿ ವೈನ್ ಕೊಟ್ಟಾಗ ಅವರು ಅದನ್ನು ಕೆಂಪು ವೈನ್‌ಗೆ ಬಳಸುವ ಮಾತುಗಳಲ್ಲಿಯೇ ವರ್ಣಿಸಿದರು. ಆ ಅಧ್ಯಯನ 2001ರಲ್ಲಿ ಪ್ರಕಟವಾಯಿತು. ತರಬೇತಿ ಪಡೆಯುತ್ತಿದ್ದವರಿಗೇ ಹೀಗಾಗುವುದರಿಂದ, ನಾನು ಬ್ಲ್ಯಾಕ್ ಐಪಿಎಯನ್ನು ನೋಡುವ ಮೊದಲೇ ಮೂಸುತ್ತೇನೆ. ಲೋಟದ ಬಾಯನ್ನು ಅಂಗೈಯಿಂದ ಮುಚ್ಚಿ, ಸ್ವಲ್ಪ ತಿರುಗಿಸಿ, ಕಣ್ಣು ಮುಚ್ಚಿ ಎರಡು ಚುಟುಕು ಉಸಿರಿನಲ್ಲಿ ವಾಸನೆ ತೆಗೆದುಕೊಂಡು, ಮೊದಲು ಹೊಳೆದದ್ದನ್ನು ಆಗಲೇ ಬರೆದುಕೊಳ್ಳುತ್ತೇನೆ. ಬಿಯರ್ ಹತ್ತು ಡಿಗ್ರಿ ಸೆಲ್ಸಿಯಸ್‌ನ ಸುತ್ತಮುತ್ತ ಇರಲಿ. ಮಂಜುಗಡ್ಡೆಯಷ್ಟು ತಣ್ಣಗಿದ್ದರೆ ಹಾಪ್ಸ್‌ನ ಪರಿಮಳ ಮೇಲೇಳುವುದಿಲ್ಲ.

ಇನ್ನು ಕಹಿಯ ವಿಚಾರ. ಒಂದೇ ಗುಟುಕಿನಲ್ಲಿ ಮೂರು ಅನುಭವಗಳು ಸೇರಿರುತ್ತವೆ. ಹಾಪ್ಸ್‌ನ ಕಹಿ ಕೊಂಚ ತಡವಾಗಿ ಏರಿ, ನುಂಗಿದ ಮೇಲೆ ನಾಲಗೆಯ ಹಿಂಭಾಗದಲ್ಲಿ ನಿಂತು, ನಿಧಾನವಾಗಿ ಇಳಿಯುತ್ತದೆ. ಅದರ ಜೊತೆಗೆ ರಾಳ ಅಥವಾ ಹಣ್ಣಿನ ಸಿಪ್ಪೆಯ ವಾಸನೆಯೂ ಇರುತ್ತದೆ. ಹುರಿದ ಮಾಲ್ಟ್‌ನ ಕಹಿ ಬೇಗ ಬರುತ್ತದೆ, ಅದರೊಂದಿಗೆ ಸಣ್ಣ ಹುಳಿಯೂ, ಅತಿಯಾದರೆ ಬೂದಿಯ ರುಚಿಯೂ ಸೇರಿಕೊಂಡಿರುತ್ತದೆ. ಮೂರನೆಯದು ಒಗರು. ಅದು ರುಚಿಗಿಂತ ಹೆಚ್ಚಾಗಿ ಸ್ಪರ್ಶ. ಕಾಳಿನ ಸಿಪ್ಪೆಯ ಟ್ಯಾನಿನ್‌ಗಳು ಎಂಜಲಿನ ಪ್ರೋಟೀನುಗಳಿಗೆ ಅಂಟಿಕೊಂಡು ಬಾಯಿಯ ಜಾರುತನವನ್ನು ಕಸಿಯುತ್ತವೆ. ಬಲಿಯದ ಬಾಳೆಕಾಯಿಯನ್ನು ಕಚ್ಚಿದಾಗ ಆಗುವಂತೆಯೇ ಒಸಡು ಹಿಡಿದುಕೊಳ್ಳುತ್ತದೆ. ನಿಮ್ಮ ಮೊದಲನೆಯ ಬಿಯರ್‌ನಲ್ಲಿ ಕೆನ್ನೆಯ ಒಳಗೆ ಒಣಗಿದಂತಾಯಿತು ಎಂದಿರಲ್ಲ, ಅದು ಬಹುತೇಕ ಇದೇ. ಅಂಕಪಟ್ಟಿಯಲ್ಲಿ ಅದನ್ನು ರುಚಿಯ ಕೆಳಗೆ "ತುಂಬಾ ಕಹಿ" ಎಂದು ಬರೆಯದೆ, ಬಾಯಿಯ ಸ್ಪರ್ಶದ ಕೆಳಗೆ "ಒಗರು ಎದ್ದು ಕಾಣುತ್ತದೆ, ನುಂಗಿದ ಮೇಲೂ ಉಳಿಯುತ್ತದೆ" ಎಂದು ಬರೆದರೆ, ಬಿಯರ್ ತಯಾರಿಸಿದವರಿಗೆ ಎಲ್ಲಿ ತಿದ್ದಿಕೊಳ್ಳಬೇಕು ಎಂಬುದು ತಿಳಿಯುತ್ತದೆ.

ಮೊದಲನೆಯದು ನಿಮಗೆ ಹಿಡಿಸಿದ್ದರಲ್ಲಿ ಏನೂ ತಪ್ಪಿಲ್ಲ. ಅದನ್ನೇ ಅಮೆರಿಕನ್ ಸ್ಟೌಟ್ ವಿಭಾಗಕ್ಕೆ ಕಳುಹಿಸಿದ್ದರೆ ಒಳ್ಳೆಯ ಅಂಕ ಪಡೆಯಬಹುದಾಗಿತ್ತು. ಆ ಶೈಲಿಯಲ್ಲಿ ಕಾಫಿ, ಚಾಕೊಲೇಟು, ಜೊತೆಗೆ ಸಾಕಷ್ಟು ಹಾಪ್ಸ್, ಎಲ್ಲಕ್ಕೂ ಅವಕಾಶವಿದೆ.

ನೊರೆಗಾರ (ಬೆಂಗಳೂರು) ಉತ್ತರಿಸಿದ್ದಾರೆ:

ಮೇಲಿನ ಉತ್ತರಕ್ಕೆ ಬಿಯರ್ ತಯಾರಿಸುವವನ ಕಡೆಯಿಂದ ಕೆಲವು ಮಾತು ಸೇರಿಸುತ್ತೇನೆ. ನಾನು ಇಲ್ಲಿನ ಮೈಕ್ರೊಬ್ರೂವರಿಯೊಂದರಲ್ಲಿ ಕೆಲಸ ಮಾಡುತ್ತೇನೆ. ಸೀದ ರುಚಿಯಿಲ್ಲದೆ ಕಪ್ಪು ಬಣ್ಣ ತರುವುದಕ್ಕೆ ನಾವು ನೆಚ್ಚಿಕೊಂಡಿರುವುದು ಸಿಪ್ಪೆ ತೆಗೆದು ಹುರಿದ ಮಾಲ್ಟ್. ಜರ್ಮನಿಯ ಬಾಂಬರ್ಗ್ ಪಟ್ಟಣದ ವೈಯರ್‌ಮಾನ್ ಸಂಸ್ಥೆಯ ಕರಾಫಾ ಸ್ಪೆಷಲ್ ಇದರಲ್ಲಿ ಹೆಸರುವಾಸಿ. ಒಗರೂ ಸೀದ ಕಹಿಯೂ ಹೆಚ್ಚಾಗಿ ಕಾಳಿನ ಸಿಪ್ಪೆಯಿಂದ ಬರುವುದರಿಂದ, ಹುರಿಯುವ ಮೊದಲೇ ಸಿಪ್ಪೆಯನ್ನು ತೆಗೆದುಬಿಟ್ಟರೆ ಬಣ್ಣ ಉಳಿದು ಒರಟುತನ ತಗ್ಗುತ್ತದೆ. ಒಟ್ಟು ಮಾಲ್ಟ್‌ನಲ್ಲಿ ಇದು ಶೇ. 4 ಅಥವಾ 5ರಷ್ಟಿದ್ದರೂ ಸಾಕಾಗುತ್ತದೆ. ಕೆಲವರು ಅದನ್ನೂ ಮೊದಲಿನಿಂದ ಬೇಯಿಸದೆ, ಮ್ಯಾಶ್ (ಮಾಲ್ಟನ್ನು ಬಿಸಿನೀರಿನಲ್ಲಿ ನೆನೆಸುವ ಹಂತ) ಮುಗಿಯುವ ಹೊತ್ತಿಗೆ ಮೇಲೆ ಹರಡಿ ಬಿಸಿನೀರು ಹಾಯಿಸುತ್ತಾರೆ. ಇನ್ನು ಕೆಲವರು ತಣ್ಣೀರಿನಲ್ಲಿ ನೆನೆಸಿ ಸೋಸಿದ ರಸವನ್ನು ಮಾತ್ರ ಬಳಸುತ್ತಾರೆ.

ನೀರನ್ನೂ ಮರೆಯಬಾರದು. ಹುರಿದ ಮಾಲ್ಟ್ ಮ್ಯಾಶ್‌ನ ಪಿಎಚ್ ಅನ್ನು ಕೆಳಗಿಳಿಸುತ್ತದೆ. ತಿಳಿಬಣ್ಣದ ಐಪಿಎಗೆಂದು ಹಾಕುವಷ್ಟೇ ಜಿಪ್ಸಮ್ (ಕ್ಯಾಲ್ಸಿಯಂ ಸಲ್ಫೇಟ್) ಅನ್ನು ಇಲ್ಲಿಯೂ ಹಾಕಿದರೆ ಸಲ್ಫೇಟಿನಿಂದ ಮೊನಚಾದ ಹಾಪ್ಸ್‌ನ ಕಹಿ ಮತ್ತು ಹುರಿದ ಕಹಿ ಒಂದರ ಮೇಲೊಂದು ಕುಳಿತು ಗಂಟಲಿಗೆ ತರಚಿದಂತಾಗುತ್ತದೆ.

ಮಲೆನಾಡಿಗರಲ್ಲಿ ಒಂದು ವಿನಂತಿ: ಆ ಎರಡು ಕ್ಯಾನ್‌ಗಳ ಅಡಿಯಲ್ಲಿ ತುಂಬಿದ ದಿನಾಂಕವೇನಾದರೂ ಇದೆಯೇ ಎಂದು ನೋಡಿ. ಹಾಪ್ಸ್‌ನ ಪರಿಮಳ ಬೇಗ ಮಾಸುತ್ತದೆ, ಹುರಿದ ಮಾಲ್ಟ್‌ನ ರುಚಿ ಅಷ್ಟು ಬೇಗ ಮಾಸುವುದಿಲ್ಲ. ಹಳೆಯದಾದ ಬ್ಲ್ಯಾಕ್ ಐಪಿಎ ತೆಳ್ಳನೆಯ ಪೋರ್ಟರ್‌ನ (ಮಾಲ್ಟ್‌ನ ರುಚಿ ಮುಂದಿರುವ ಗಾಢ ಬಣ್ಣದ ಬಿಯರ್) ಹಾಗೆ ತೋರುವುದಕ್ಕೆ ಕಾರಣ ಇದೇ.

ಮಲೆನಾಡಿಗ ಬರೆದಿದ್ದಾರೆ:

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ದಿನಾಂಕ ನೋಡಿದೆ. ಮೊದಲನೆಯದನ್ನು ತುಂಬಿ ಐದು ತಿಂಗಳಾಗಿದೆ, ಎರಡನೆಯದಕ್ಕೆ ಇನ್ನೂ ಒಂದು ತಿಂಗಳು ತುಂಬಿಲ್ಲ. ಮೊದಲನೆಯದರಲ್ಲಿ ಕಿತ್ತಳೆ ಸಿಪ್ಪೆ ಅಷ್ಟು ಹಿಂದೆ ಸರಿದದ್ದಕ್ಕೆ ಇದೇ ಕಾರಣವಿರಬಹುದು. ಆದರೆ ಒಗರು ಹಳೆಯದಾದ್ದರಿಂದ ಬಂದದ್ದೇ, ತಯಾರಿಕೆಯಲ್ಲಿಯೇ ಇದ್ದದ್ದೇ? ಸ್ಪರ್ಧೆಯ ಮೇಜಿನಲ್ಲಿ ದಿನಾಂಕ ತಿಳಿಯದಿರುವಾಗ ಹಳೆಯ ಬಿಯರನ್ನು ಗುರುತಿಸುವುದು ಹೇಗೆ?

ಕಾವೇರಿತೀರ (ಬರ್ಲಿಂಗ್ಟನ್, ವರ್ಮಾಂಟ್) ಉತ್ತರಿಸಿದ್ದಾರೆ:

ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಈ ಬಗೆಯ ಬಿಯರನ್ನು ಮೊದಲು ಮಾರಾಟಕ್ಕೆ ತಯಾರಿಸಿದವರೆಂದು ಸಾಮಾನ್ಯವಾಗಿ ಹೆಸರಿಸುವುದು ನಮ್ಮೂರಿನ ವರ್ಮಾಂಟ್ ಪಬ್ ಅಂಡ್ ಬ್ರೂವರಿಯ ಗ್ರೆಗ್ ನೂನನ್ ಅವರನ್ನು. 1990ರ ಸುಮಾರಿಗೆ ಅವರು ತಂದ ಬ್ಲ್ಯಾಕ್‌ವಾಚ್ ಐಪಿಎಗೆ ಯಾವ ಮಾರ್ಗಸೂಚಿಯೂ ಇರಲಿಲ್ಲ. ನಿಮ್ಮ ವಾಯವ್ಯ ರಾಜ್ಯಗಳಲ್ಲಿಯೂ ಕ್ಯಾಲಿಫೋರ್ನಿಯಾದಲ್ಲಿಯೂ ಇದು ಜನಪ್ರಿಯವಾದದ್ದು 2000ರ ದಶಕದಲ್ಲಿ. ಸ್ಟೋನ್ ಬ್ರೂಯಿಂಗ್ ಸಂಸ್ಥೆ ತನ್ನ ಹನ್ನೊಂದನೆಯ ವಾರ್ಷಿಕೋತ್ಸವಕ್ಕೆಂದು 2007ರಲ್ಲಿ ತಯಾರಿಸಿದ ಕಪ್ಪು ಬಿಯರ್ ಮುಂದೆ ಸಬ್‌ಲೈಮ್ಲಿ ಸೆಲ್ಫ್-ರೈಚಸ್ ಏಲ್ ಎಂಬ ಹೆಸರಿನಲ್ಲಿ ನೆಲೆಯೂರಿತು. ಶೇ. 8.7 ಮದ್ಯಸಾರ ಮತ್ತು 90 ಐಬಿಯು ಇದ್ದ ಆ ಬಿಯರ್‌ನಲ್ಲಿ ಹುರಿದ ಮಾಲ್ಟ್ ನಾಚಿಕೊಂಡು ಹಿಂದೆ ನಿಂತಿರಲಿಲ್ಲ. ಹಾಪ್ಸ್‌ನ ಸಮಕ್ಕೆ ಮಾತನಾಡುತ್ತಿತ್ತು. ಕಣ್ಣು ಮುಚ್ಚಿದರೆ ಬರೀ ಐಪಿಎ ಎನಿಸುವ ಬಿಯರ್ ಸ್ವಚ್ಛವಾಗಿರಬಹುದು, ಆದರೆ ಕಪ್ಪು ಮಾಲ್ಟ್ ಅಲ್ಲಿ ಬಣ್ಣವನ್ನಷ್ಟೇ ಕೊಟ್ಟು ಕೈಕಟ್ಟಿ ಕೂತಂತಾಗುತ್ತದೆ. ರಾಳದ ಕಹಿಯ ಬದಿಯಲ್ಲಿ ಕೋಕೋ ಬಂದಾಗ ಎರಡೂ ಸೇರಿ ಪುದೀನದಂಥ ಒಂದು ತಂಪು ಹುಟ್ಟುವುದುಂಟು. ಆ ಹೊಂದಾಣಿಕೆಗಾಗಿಯೇ ನಾನು ಈ ಶೈಲಿಯನ್ನು ಇಷ್ಟಪಡುತ್ತೇನೆ. ಅಂಥದ್ದು ಸಿಕ್ಕಿದಾಗ ಒಟ್ಟು ಅಭಿಪ್ರಾಯದ ಅಂಕಗಳಲ್ಲಿ ಧಾರಾಳವಾಗಿರಿ.

ಚಕ್ಕೋತ (ಸ್ಯಾನ್ ಡಿಯಾಗೊ) ಉತ್ತರಿಸಿದ್ದಾರೆ:

ಕಾವೇರಿತೀರದವರ ಮಾತಿಗೆ ನನ್ನ ಪೂರ್ಣ ಸಹಮತವಿದೆ. ಮಾರ್ಗಸೂಚಿ ಕೂಡ ಹುರಿದ ರುಚಿಯನ್ನು ಅಳಿಸಿಹಾಕಿ ಎನ್ನುವುದಿಲ್ಲ, ಮೆದುವಾಗಿ ಹಾಪ್ಸ್‌ಗೆ ಒತ್ತಾಸೆಯಾಗಿರಲಿ ಎನ್ನುತ್ತದೆ. ಎರಡನೆಯ ಬಿಯರ್‌ಗೆ ನಾನು 38ರ ಆಚೆಗಿನ ಅಂಕ ಕೊಡಬೇಕಾದರೆ ಅದರ ಕೊನೆಯಲ್ಲಿ ಬಂದ ಆ ಕೋಕೋ ಹಾಪ್ಸ್‌ನೊಂದಿಗೆ ಬೆರೆತಿತ್ತೇ, ಬೇರೆಯಾಗಿ ನಿಂತಿತ್ತೇ ಎಂಬುದನ್ನು ನೋಡುತ್ತೇನೆ.

ಮಲೆನಾಡಿಗರ ಪ್ರಶ್ನೆಗೆ: ಹಳೆಯದಾದ ಬಿಯರ್‌ನಲ್ಲಿ ನೆನೆದ ರಟ್ಟು ಅಥವಾ ಹಳೆಯ ಕಾಗದದ ವಾಸನೆ, ಕೆಲವೊಮ್ಮೆ ಜೇನಿನಂಥ ಸಪ್ಪೆ ಸಿಹಿ ಇರುತ್ತದೆ. ಕಪ್ಪು ಬಿಯರ್‌ನಲ್ಲಿ ಹುರಿದ ವಾಸನೆ ಇದನ್ನು ಮರೆಮಾಡುವುದರಿಂದ, ಲೋಟ ಕೊಂಚ ಬೆಚ್ಚಗಾದ ಮೇಲೆ ಮತ್ತೊಮ್ಮೆ ಮೂಸಬೇಕು. ಒಗರು ಮಾತ್ರ ಬಹುಮಟ್ಟಿಗೆ ತಯಾರಿಕೆಯಿಂದಲೇ ಬಂದದ್ದು. ಸಿಪ್ಪೆಯಿರುವ ಕಪ್ಪು ಮಾಲ್ಟ್ ಹೆಚ್ಚಾಗಿತ್ತು, ಅಥವಾ ಮಾಲ್ಟ್ ತೊಳೆಯುವ ನೀರು ಅತಿ ಬಿಸಿಯಾಗಿತ್ತು ಎಂದು ಊಹಿಸಬಹುದು. ಅಂಕಪಟ್ಟಿಯಲ್ಲಿ ಕಂಡದ್ದನ್ನು ಮೊದಲು ಬರೆದು, ಊಹೆಯನ್ನು ಊಹೆ ಎಂದೇ ಕೆಳಗೆ ಸೇರಿಸಿ. ಸ್ಪರ್ಧೆಯ ದಿನ ಮೇಜಿನ ಮೇಲೆ ಉಪ್ಪಿಲ್ಲದ ಬ್ರೆಡ್ಡು ಮತ್ತು ನೀರು ಇರಲಿ. ಕಹಿ ಗುಟುಕಿನಿಂದ ಗುಟುಕಿಗೆ ಪೇರಿಕೊಳ್ಳುವುದರಿಂದ ಸರದಿಯ ಕೊನೆಯ ಬಿಯರ್‌ಗಳಿಗೆ ಅನ್ಯಾಯವಾಗುವ ಸಂಭವವಿದೆ. ಎಲ್ಲವೂ ಮುಗಿದ ಮೇಲೆ ಮೊದಲನೆಯದನ್ನೂ ಕೊನೆಯದನ್ನೂ ಮತ್ತೊಮ್ಮೆ ಒಟ್ಟಿಗೆ ಇಟ್ಟು ನೋಡಿ, ಅಗತ್ಯವಿದ್ದರೆ ಅಂಕಗಳನ್ನು ತಿದ್ದಿಕೊಳ್ಳಿ.