ಫ್ರೀ ಆನ್‌ಲೈನ್ ಕೋರ್ಸ್: ಮಾಡಿದವರು ಹೇಳಿ

ಕಾಸರಗೋಡಿನ ಪೆರ್ಲದಿಂದ ಪ್ರಶ್ನೆ: ಹತ್ತರವರೆಗೆ ಕನ್ನಡ ಮೀಡಿಯಂ, ಈಗ ಬಿ.ಎಸ್ಸಿ. ಎರಡನೇ ವರ್ಷ. ಕಂಪ್ಯೂಟರ್ ಪ್ರೋಗ್ರಾಂ ಬರೆಯುವ ಭಾಷೆ ಪೈಥಾನ್ ಕಲಿಯಬೇಕು ಅಂತ ಉಂಟು. ಮಂಗಳೂರಿಗೆ ಹೋಗಿ ಕೋಚಿಂಗ್ ಸೇರುವಷ್ಟು ದುಡ್ಡಿಲ್ಲ. ಈ ಫ್ರೀ ಕೋರ್ಸುಗಳು ನಿಜಕ್ಕೂ ಫ್ರೀಯಾ? ಇಂಗ್ಲಿಷ್ ಪಾಠ ಅರ್ಥ ಆಗ್ತದಾ? ಸರ್ಟಿಫಿಕೇಟಿಗೆ ಬೆಲೆ ಉಂಟಾ?

ಮುಳ್ಳೇರಿಯದಿಂದ: ನಾನು ಕೇಂದ್ರ ಸರಕಾರದ ಆನ್‌ಲೈನ್ ಕೋರ್ಸಿನ ತಾಣ ಸ್ವಯಂನಲ್ಲಿ, ಐಐಟಿಯವರು ಪಾಠ ಮಾಡುವ ಎನ್‌ಪಿಟಿಇಎಲ್‌ನವರ ಪೈಥಾನ್ ಕೋರ್ಸ್ ಮುಗಿಸಿದವಳು. ವಿಡಿಯೊ, ವಾರವಾರದ ಅಸೈನ್‌ಮೆಂಟ್ ಎಲ್ಲ ಫ್ರೀ. ಸರ್ಟಿಫಿಕೇಟ್ ಬೇಕಾದರೆ ಮಾತ್ರ ಪರೀಕ್ಷೆಗೆ 1000 ರೂಪಾಯಿ, ಅದೂ ಕೇಂದ್ರಕ್ಕೆ ಹೋಗಿ ಬರೆಯಬೇಕು. ಬಸ್ಸಿನ ಖರ್ಚು ಬೇರೆ. ಅಸೈನ್‌ಮೆಂಟಿನ 25ರಲ್ಲಿ 10, ಪರೀಕ್ಷೆಯ 75ರಲ್ಲಿ 30, ಎರಡೂ ಬಂದರೇ ಪಾಸು. ಎಂಟು ವಾರದ ಕೋರ್ಸಾದರೆ ಹೆಚ್ಚು ಮಾರ್ಕಿನ ಆರು ಅಸೈನ್‌ಮೆಂಟ್ ಮಾತ್ರ ಲೆಕ್ಕಕ್ಕೆ. ಜುಲೈ ಬ್ಯಾಚ್ ಅಂದರೆ ನಮ್ಮಲ್ಲಿ ಆಟಿ ಮಳೆ, ಕರೆಂಟೂ ಇಲ್ಲ, ನೆಟ್ಟೂ ಇಲ್ಲ; ಒಂದು ವಾರ ತಪ್ಪಿದರೆ ತಲೆಬಿಸಿ ಬೇಡ.

ಇಂಗ್ಲಿಷ್ ಸುರುವಿಗೆ ಕಷ್ಟವೇ. ವೇಗ ಇಳಿಸಿ, ಕೆಳಗೆ ಸಬ್‌ಟೈಟಲ್ ಹಾಕಿ ಕೇಳು. ಪೈಥಾನಲ್ಲಿ ಸಂಖ್ಯೆ ಸಾಲಾಗಿ ಎಣಿಸಲಿಕ್ಕೆ ರೇಂಜ್ 5 ಅಂತ ಬರೆದರೆ 4ಕ್ಕೇ ಯಾಕೆ ನಿಲ್ತದೆ ಅಂತ ಪಾಠ ಎಷ್ಟು ಕೇಳಿದರೂ ನನಗೆ ಹತ್ತಲಿಲ್ಲ. ಟೈಪ್ ಮಾಡಿ ರನ್ ಕೊಟ್ಟೆ. 0, 1, 2, 3, 4 ಅಂತ ಸಾಲಾಗಿ ಬಂತು. ಎಣಿಸಿದರೆ ಐದೇ! ಅಲ್ಲಿಗೆ ಇಂಗ್ಲಿಷಿನ ಹೆದರಿಕೆ ಅರ್ಧ ಹೋಯ್ತು.

ಬದಿಯಡ್ಕದಿಂದ, ನಿವೃತ್ತ ಟೀಚರ್: ಮಗೂ, ನಮ್ಮ ಕೇರಳದ ಹೈಸ್ಕೂಲಿನ ಐಸಿಟಿ (ಕಂಪ್ಯೂಟರ್ ಪಾಠದ) ಪುಸ್ತಕದಲ್ಲೇ ಪೈಥಾನ್ ಉಂಟಲ್ಲ, ಅದೂ ಕನ್ನಡದಲ್ಲಿ. ಅಟ್ಟದಿಂದ ಇಳಿಸಿ ಮೊದಲು ಅದನ್ನು ಓದು. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್‌ನಲ್ಲಿ ಕೆಲವು ವಿಷಯಕ್ಕೆ ಕನ್ನಡ ಧ್ವನಿಯೂ ಉಂಟು. ಚಿಕ್ಕ ಚಿಕ್ಕ ವಿಡಿಯೊ, ನಿಲ್ಲಿಸಿ ನಿಲ್ಲಿಸಿ ಜೊತೆಗೇ ಮಾಡುತ್ತಾ ಹೋಗುವ ಹಾಗೆ.

ಕುಂಬಳೆಯಿಂದ: ಮೊಬೈಲಲ್ಲೇ ಕಲಿತೇನೆ ಅಂತ ಹೊರಡಬೇಡ ಮಾರಾಯ. ನೋಡಲಿಕ್ಕೆ ಮೊಬೈಲ್ ಸಾಕು, ಕೋಡ್ ಬರೆಯಲಿಕ್ಕೆ ಕಾಲೇಜಿನ ಲ್ಯಾಬಲ್ಲಿ ಒಂದು ಗಂಟೆ ಕೇಳಿಕೋ. ಮತ್ತೆ, ಫ್ರೀ ಅಂತ ನಾಲ್ಕಕ್ಕೆ ಸೇರಿ ಒಂದೂ ಮುಗಿಸದವರೇ ಹೆಚ್ಚು. ದುಡ್ಡು ಹೋಗುವುದಿಲ್ಲವಲ್ಲ, ಬಿಟ್ಟರೆ ಕೇಳುವವರೂ ಇಲ್ಲ. ಕ್ಲಾಸಿನ ಒಬ್ಬರನ್ನಾದರೂ ಜೊತೆಗೆ ಸೇರಿಸಿಕೋ. ಸರ್ಟಿಫಿಕೇಟಿನ ಆಸೆಯೇ ಇಲ್ಲದಿದ್ದರೆ ಎಂಐಟಿಯ ಓಪನ್‌ಕೋರ್ಸ್‌ವೇರ್ ನೋಡು: ಹೆಸರು ನೋಂದಾಯಿಸುವುದೇ ಬೇಡ, ಪಾಠ ಇಳಿಸಿಕೊಂಡು ನೆಟ್ ಇಲ್ಲದಾಗಲೂ ನೋಡಬಹುದು. ಸಂಶಯ ಕೇಳಲಿಕ್ಕೆ ಮಾತ್ರ ಯಾರೂ ಸಿಗುವುದಿಲ್ಲ.

ಮಂಜೇಶ್ವರದಿಂದ: ಸರ್ಟಿಫಿಕೇಟಿಗೆ ಬೆಲೆ ಉಂಟಾ ಅಂತ ಯಾರೂ ಹೇಳಲಿಲ್ಲ. ನನ್ನ ಇಂಟರ್‌ವ್ಯೂನಲ್ಲಿ ಅದನ್ನು ನೋಡಿ ಬದಿಗಿಟ್ಟು, ನೀವು ಬರೆದ ಪ್ರೋಗ್ರಾಂ ತೋರಿಸಿ ಅಂದರು. ಡಿಗ್ರಿಯ ಕ್ರೆಡಿಟಿಗೆ ಸೇರಿದರೆ ಲಾಭ ಹೆಚ್ಚು. ಯುಜಿಸಿಯ 2021ರ ನಿಯಮದಂತೆ ಒಂದು ಸೆಮಿಸ್ಟರಿನ 40 ಶೇಕಡಾ ಕೋರ್ಸುಗಳನ್ನು ಸ್ವಯಂ ಮೂಲಕ ಮಾಡಬಹುದು, ಆದರೆ ನಿನ್ನ ಕಾಲೇಜು ಒಪ್ಪಬೇಕು. ದುಡ್ಡು ಕಟ್ಟುವ ಮೊದಲು ಡಿಪಾರ್ಟ್‌ಮೆಂಟಿನಲ್ಲಿ ಕೇಳಿ ಬರಹದಲ್ಲೇ ತೆಗೆದುಕೋ. ಕೋರ್ಸಿಗೆ ಸೇರಿದ ಕೂಡಲೇ ಪರೀಕ್ಷೆಗೆ ಹೆಸರು ಬಿತ್ತು ಅಂತಲ್ಲ, ಅದಕ್ಕೆ ಬೇರೆ ಫಾರ್ಮು, ಬೇರೆ ಕೊನೆಯ ದಿನ ಉಂಟು.