ಮೇ ರಜೆಗೆ ಶ್ರೀಲಂಕಾ: ಬೆಟ್ಟ, ಬೀಚ್ ಎರಡೂ ಆಗುತ್ತಾ?

ಚಿಕ್ಕಮಗಳೂರಿನಿಂದ: ಮೊದಲ ಸಲ ಹೊರದೇಶಕ್ಕೆ ಹೊರಟಿದ್ದೇವೆ, ಮೇ ಕೊನೆಗೆ 8 ದಿನ. ಮಕ್ಕಳು ಮುಳ್ಳಯ್ಯನಗಿರಿ ಹತ್ತಿದವರು, ಅತ್ತೆಗೆ ಮಾತ್ರ ಮಂಡಿನೋವು. ಮಿರಿಸ್ಸಾ ಬೀಚ್ ಸರಿಯಾ?

ಸಕಲೇಶಪುರದಿಂದ: ಆ ಹೊತ್ತಿಗೆ ಮಿರಿಸ್ಸಾ ಬೇಡ ಕಣ್ರೀ. ನಮ್ಮ ಮುಂಗಾರೇ ಅಲ್ಲಿನ ದಕ್ಷಿಣ, ಪಶ್ಚಿಮ ಕರಾವಳಿಗೂ ಹೊಡೆಯುತ್ತದೆ, ಅಲೆ ಜೋರು, ಮಕ್ಕಳನ್ನು ಸುಮ್ನೆ ನೀರಿಗೆ ಬಿಡೋಕಾಗಲ್ಲ. ಪೂರ್ವದ ಟ್ರಿಂಕೋಮಲಿಗೆ ಹೋಗಿ, ಆಗ ಅಲ್ಲಿ ಸಮುದ್ರ ಶಾಂತ. ಕೋಣೇಶ್ವರಂ ದೇವಸ್ಥಾನವೂ ಅಲ್ಲೇ ಇದೆ, ಅತ್ತೆಗೆ ಖುಷಿಯಾಗುತ್ತದೆ.

ಮೂಡಿಗೆರೆಯಿಂದ: ಸಿಗಿರಿಯಾ ಬಂಡೆ ಕೋಟೆ ಬಿಡಬೇಡಿ. ಸುಮಾರು 1,200 ಮೆಟ್ಟಿಲು, ಬಿಸಿಲು ಏರುವ ಮೊದಲೇ ಹತ್ತಿ. ಅತ್ತೆ ಕೆಳಗಿನ ಹಳೇ ಉದ್ಯಾನದಲ್ಲಿ ಕೂತಿರಲಿ, ಅದೂ ಚೆನ್ನಾಗಿದೆ. ಲಿಟಲ್ ಆಡಮ್ಸ್ ಪೀಕ್ ಅನ್ನೋ ಬೆಟ್ಟ ಹತ್ತೋಕೆ ಸುಲಭ, ದಾರಿಯುದ್ದಕ್ಕೂ ಟೀ ತೋಟ.

ಚಿಕ್ಕಮಗಳೂರಿನಿಂದ: ರೂಮ್ ಇನ್ನೂ ಬುಕ್ ಮಾಡಿರಲಿಲ್ಲ, ಒಳ್ಳೇದಾಯ್ತು. ಟ್ರಿಂಕೋಮಲಿಗೇ ಹೋಗುತ್ತೇವೆ.